ಕಾಕಾನ ಬೇವಿನ ಗಿಡ ಮತ್ತು ನನ್ನ ಪಿನ್: ರೈಲ್ವೆ ಜಾಗ ಗುರುತಿಸಿ ಹಂಚಲು ಯಾವ ನಕ್ಷೆ ಒಳ್ಳೆಯದು?

ನಮ್ಮ ಕಾಕಾ ಜಾಗ ಹೇಳುವ ರೀತಿಯೇ ಬೇರೆ. "ಹಿರೇನಂದೂರ ದಾಟಿದ ಮ್ಯಾಲ ಎಡಕ್ಕ ಒಂದು ಬೇವಿನ ಗಿಡ ಅದ ನೋಡು, ಅದರ ಬಾಜೂಕ ನಮ್ಮ ಗ್ಯಾಂಗ್ ಹಟ್ ಇತ್ತು" ಅನ್ನುತ್ತಾರೆ. ಮೊದಲು ಊರು, ಆಮೇಲೆ ಗಿಡ, ಕೊನೆಗೆ ಕಿಲೋಮೀಟರ್ ನಂಬರ್. ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿ ನಿವೃತ್ತರಾದವರು. ಕಲಬುರಗಿಯಿಂದ ವಾಡಿವರೆಗಿನ ಹಳಿಯನ್ನು ಕಾಲಲ್ಲೇ ಓದಿದವರು.

ಅವರ ನೆನಪಿನಲ್ಲಿರುವ ಜಾಗಗಳನ್ನೆಲ್ಲ ಉಪಗ್ರಹ ನಕ್ಷೆಯ ಮೇಲೆ ಹಾಕಿಡಬೇಕು ಅಂತ ಎರಡು ವರ್ಷದ ಹಿಂದೆ ಶುರು ಮಾಡಿದೆ. ಮುಚ್ಚಿಹೋದ ಗೇಟು, ಹಳೆಯ ಸೈಡಿಂಗ್ (ಮುಖ್ಯ ಹಳಿಯ ಪಕ್ಕದ ಕವಲು ಹಳಿ), ನೀರು ಕುಡಿಯುತ್ತಿದ್ದ ಬಾವಿ, ಹೀಗೆ. ಆಮೇಲೆ ಬೀದರಿನಲ್ಲಿರುವ ಕಾಕಾನ ಮಗಳು ಸೇರಿಕೊಂಡಳು. ಅವಳಿಗೆ ರೈಲಿನ ಫೋಟೊ ಹುಚ್ಚು. ಶಹಾಬಾದ್ ಕಲ್ಲು ಸಾಗಿಸುವ ಲಾರಿ ಓಡಿಸುವ ಗೆಳೆಯನೂ ಕೇಳಿದ: ಯಾವ ಫಾಟಕ್ ಇನ್ನೂ ಇದೆ, ಯಾವುದು ಅಂಡರ್‌ಪಾಸ್ ಆಗಿದೆ, ಅದರೊಳಗೆ ಲೋಡ್ ಗಾಡಿ ಹೋಗುತ್ತಾ?

ಮೂರು ಜನ, ಮೂರು ಥರದ ಅಗತ್ಯ. ಒಂದೇ ಸಾಫ್ಟ್‌ವೇರ್‌ನಲ್ಲಿ ಮೂವರಿಗೂ ಆಗಲಿಲ್ಲ. ಗುರುತು ಹಾಕುವುದು ಯಾವುದರಲ್ಲಾದರೂ ಸುಲಭವೇ. ಕಷ್ಟ ಇರುವುದು ಅದು ಇನ್ನೊಬ್ಬರ ಕೈಯಲ್ಲಿ ತೆರೆಯುವುದರಲ್ಲಿ. ಹಾಗಾಗಿ ಈ ಹೋಲಿಕೆಯಲ್ಲಿ ನಾನು ಮೊದಲು ಕೇಳುವುದು "ಯಾವುದು ಶಕ್ತಿಶಾಲಿ" ಅಂತ ಅಲ್ಲ, "ಯಾರಿಗೆ ಕಳಿಸುತ್ತೀರಿ" ಅಂತ.

ಮೊದಲು ನಂಬರಿನ ಗಲಾಟೆ

ಯಾವ ಆ್ಯಪ್ ಆರಿಸಿಕೊಂಡರೂ ಇದು ತಪ್ಪಿದ್ದಲ್ಲ, ಅದಕ್ಕೇ ಮೊದಲು ಹೇಳುತ್ತೇನೆ. ಕಲಬುರಗಿ ಹೆಚ್ಚುಕಡಿಮೆ 17.33 ಡಿಗ್ರಿ ಉತ್ತರ ಅಕ್ಷಾಂಶ, 76.83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಅಕ್ಷಾಂಶ ಮೊದಲು ಬರೆಯುತ್ತೇವೆ. ಆದರೆ ಗುರುತುಗಳನ್ನು ಉಳಿಸಿ ಕಳಿಸುವ ಕೆಎಂಎಲ್ ಫೈಲಿನ ಒಳಗೆ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಾನು ಒಮ್ಮೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕೈಯಿಂದ ತಿದ್ದಲು ಹೋಗಿ ಎರಡನ್ನೂ ಅದಲುಬದಲು ಮಾಡಿದೆ. ಗ್ಲೋಬ್ ಗರ್ರನೆ ತಿರುಗಿ ನಾರ್ವೆಗೂ ಆಚೆ, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ಹಿಮದ ಸಮುದ್ರದಲ್ಲಿ ನಿಂತಿತು. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಕೂತು ನೋಡಿದಾಗ ಬೇಜಾರೇನೂ ಆಗಲಿಲ್ಲ ಅನ್ನಿ.

ಇನ್ನೊಂದು ತಪ್ಪು ಇಷ್ಟು ಸುಲಭವಾಗಿ ಕಾಣುವುದಿಲ್ಲ. 17.33 ಅನ್ನುವುದು 17 ಡಿಗ್ರಿ 33 ನಿಮಿಷ ಅಲ್ಲ. ಒಂದು ಡಿಗ್ರಿಗೆ 60 ನಿಮಿಷ. ಹಾಗಾಗಿ 33 ನಿಮಿಷ ಅಂದರೆ ದಶಮಾಂಶದಲ್ಲಿ 0.55. ಈ ಗೊಂದಲ ಮಾಡಿಕೊಂಡರೆ ನಿಮ್ಮ ಪಿನ್ ಉತ್ತರಕ್ಕೆ ಸುಮಾರು 24 ಕಿಲೋಮೀಟರ್ ಜಿಗಿಯುತ್ತದೆ. ರೇಖಾಂಶದಲ್ಲಿ ಈ ತಪ್ಪು ತಾನಾಗೇ ಸಿಕ್ಕಿಬೀಳುತ್ತದೆ, ಯಾಕಂದರೆ 83 ನಿಮಿಷ ಅನ್ನುವುದು ಇಲ್ಲವೇ ಇಲ್ಲ.

ದಶಮಾಂಶದ ಮುಂದೆ ಎಷ್ಟು ಅಂಕಿ ಬೇಕು? ಅಕ್ಷಾಂಶದ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. ಮೂರು ಅಂಕಿ ಇಟ್ಟರೆ 111 ಮೀಟರ್ ಲೆಕ್ಕ, ನಾಲ್ಕಿಟ್ಟರೆ 11 ಮೀಟರ್, ಐದಿಟ್ಟರೆ ಹೆಚ್ಚುಕಡಿಮೆ ಒಂದು ಮೀಟರ್. ಸ್ಟೇಷನ್ನಿಗೆ ಮೂರು ಸಾಕು. ಗೇಟಿಗೆ ನಾಲ್ಕು ಬೇಕು. ಹಳಿಯ ಈ ಬದಿಯೋ ಆ ಬದಿಯೋ ಅಂತ ಹೇಳಬೇಕಾದರೆ ಐದು. ಆರು ಏಳು ಅಂಕಿ ಬರೆಯುವುದು ಸುಮ್ನೆ ಶೋಕಿ. ಫೋನಿನ ಜಿಪಿಎಸ್‌ಗೆ ಅಷ್ಟು ಗೊತ್ತಾಗುವುದೇ ಇಲ್ಲ.

ಗೂಗಲ್ ಅರ್ತ್ ಪ್ರೊ: ಕೆಲಸ ಮಾಡುವವರಿಗೆ

ನನ್ನ ಮೊದಲ ಆಯ್ಕೆ ಇವತ್ತಿಗೂ ಕಂಪ್ಯೂಟರಿಗೆ ಹಾಕಿಕೊಳ್ಳುವ ಅರ್ತ್ ಪ್ರೊ. ಕೀಹೋಲ್ ಅನ್ನುವ ಕಂಪನಿಯ ತಂತ್ರಾಂಶವನ್ನು 2004ರಲ್ಲಿ ಗೂಗಲ್ ಕೊಂಡುಕೊಂಡು, 2005ರಲ್ಲಿ ಗೂಗಲ್ ಅರ್ತ್ ಅಂತ ಬಿಟ್ಟಿತು. ಪ್ರೊ ಆವೃತ್ತಿಗೆ ಮೊದಲು ವರ್ಷಕ್ಕೆ 399 ಡಾಲರ್ ಇತ್ತು, 2015ರಿಂದ ಪುಕ್ಕಟೆ. ನೋಡಲು ಹಳೆಯ ಕಾಲದ್ದರ ಹಾಗೆ ಕಾಣುತ್ತದೆ. ಇರಲಿ, ರೈಲ್ವೆ ಕೆಲಸಕ್ಕೆ ಇದರಲ್ಲಿರುವ ಎರಡು ಸೌಲಭ್ಯಗಳು ಬಂಗಾರ.

ಒಂದು, ಹಳೆಯ ಚಿತ್ರಗಳು. ಮೇಲಿರುವ ಗಡಿಯಾರದ ಚಿಹ್ನೆ ಒತ್ತಿದರೆ ಕಾಲದ ಪಟ್ಟಿ ಬರುತ್ತದೆ. ಬೀದರ್-ಕಲಬುರಗಿ ಮಾರ್ಗವನ್ನೇ ತೆಗೆದುಕೊಳ್ಳಿ. 110 ಕಿಲೋಮೀಟರಿನ ಈ ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಪಟ್ಟಿಯನ್ನು ಹಿಂದಕ್ಕೆ ಎಳೆದರೆ ಹುಮನಾಬಾದ್ ಕಡೆ ಬರೀ ಹೊಲ. ಸ್ವಲ್ಪ ಮುಂದಕ್ಕೆ ತಂದರೆ ಕೆಂಪು ಮಣ್ಣು ಅಗೆದ ಗೆರೆ. ಇನ್ನೂ ಮುಂದಕ್ಕೆ ತಂದರೆ ಅದೇ ಗೆರೆಯ ಮೇಲೆ ಬೂದು ಬಣ್ಣದ ಜಲ್ಲಿ, ಹಳಿ. ಸುರಪುರ, ಶಹಾಪುರ ಕಡೆಯವರು ಗದಗ-ವಾಡಿ ಹೊಸ ಮಾರ್ಗದ ಕೆಲಸ ಎಲ್ಲಿಗೆ ಬಂತು ಅಂತ ನೋಡುವುದೂ ಹೀಗೇ. ಆದರೆ ಒಂದು ಎಚ್ಚರ: ಈ ಚಿತ್ರ ಲೈವ್ ಅಲ್ಲ. "ಈಗ ಗಾಡಿ ಎಲ್ಲಿ ಹೊಂಟದ ನೋಡು" ಅಂತ ನನ್ನನ್ನು ಕೇಳಿದವರಿಗೆ ಲೆಕ್ಕವಿಲ್ಲ. ಕೆಳಗಡೆ ಚಿತ್ರದ ತಾರೀಖು ಇರುತ್ತದೆ. ಮೊದಲು ಅದನ್ನು ಓದಿ. ಕೆಲವು ಕಡೆ ಒಂದು ವರ್ಷದ ಚಿತ್ರಕ್ಕೂ ಇನ್ನೊಂದು ವರ್ಷದ ಚಿತ್ರಕ್ಕೂ ಹಳಿ ನಾಲ್ಕೈದು ಮೀಟರ್ ಸರಿದ ಹಾಗೆ ಕಾಣುತ್ತದೆ. ಹಳಿ ಎಲ್ಲೂ ಹೋಗಿಲ್ಲ, ಚಿತ್ರ ಕೂರಿಸಿದ್ದರಲ್ಲಿ ಆದ ವ್ಯತ್ಯಾಸ ಅದು.

ಎರಡು, ಅಳತೆಪಟ್ಟಿ. ಕಾಕಾನ ಕೆಲಸಕ್ಕೆ ನನಗೆ ಬೇಕಾಗಿದ್ದೇ ಇದು. ರೈಲ್ವೆಯವರು ಜಾಗ ಹೇಳುವುದು ಕಿಲೋಮೀಟರ್ ಮತ್ತು ಕಂಬದ ನಂಬರಿನಲ್ಲಿ. ಈಗ ವಿದ್ಯುತ್ ತಂತಿಯ ಕಂಬದ ಮೇಲೆ ಮೇಲೊಂದು ಕೆಳಗೊಂದು ಸಂಖ್ಯೆ ಇರುತ್ತದಲ್ಲ, ಮೇಲಿನದ್ದು ಕಿಲೋಮೀಟರ್, ಕೆಳಗಿನದ್ದು ಆ ಕಿಲೋಮೀಟರಿನೊಳಗಿನ ಕಂಬ. ಎರಡು ಕಂಬಗಳ ನಡುವೆ ಹೆಚ್ಚೆಂದರೆ 72 ಮೀಟರ್. ಅಂದರೆ ಕಂಬದ ನಂಬರ್ ಸಿಕ್ಕರೆ ಜಾಗ ಸಿಕ್ಕಂತೆಯೇ. ಆದರೆ ಈ ನಂಬರನ್ನು ಯಾವ ಸಾಫ್ಟ್‌ವೇರ್‌ನ ಹುಡುಕು ಪೆಟ್ಟಿಗೆಗೆ ಹಾಕಿದರೂ ಅದಕ್ಕೆ ಅರ್ಥವಾಗುವುದಿಲ್ಲ. ನಾವೇ ಬಿಡಿಸಬೇಕು. ಕಿಲೋಮೀಟರ್ ಖಚಿತವಾಗಿ ಗೊತ್ತಿರುವ ಒಂದು ಜಾಗ ಹಿಡಿಯಿರಿ. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಓದಿಕೊಂಡ ಕಂಬವಾದರೂ ಆಯಿತು. ಅಳತೆಪಟ್ಟಿಯಲ್ಲಿ "ಪಾತ್" ಆರಿಸಿ, ಅಲ್ಲಿಂದ ಹಳಿಯ ಮೇಲೆಯೇ ಕ್ಲಿಕ್ ಮಾಡುತ್ತಾ ಹೋಗಿ. ಗೆರೆ ನೇರ ಇದ್ದಲ್ಲಿ ದೂರ ದೂರ, ತಿರುವಿನಲ್ಲಿ ಹತ್ತಿರ ಹತ್ತಿರ. ಬೇಕಾದ ಕಿಲೋಮೀಟರ್ ಬಂದ ಕೂಡಲೇ ನಿಲ್ಲಿಸಿ ಪಿನ್ ಚುಚ್ಚಿ.

ಇಲ್ಲೂ ಒಂದು ಸಿಕ್ಕು ಇದೆ. ಮುಂಬೈ-ಚೆನ್ನೈ ಮುಖ್ಯ ಮಾರ್ಗದ ಎಣಿಕೆ ಮುಂಬೈಯಿಂದ. ವಾಡಿಯಲ್ಲಿ ಸಿಕಂದರಾಬಾದ್ ಕಡೆ ಹೊರಳಿದರೆ ಎಣಿಕೆಯೇ ಬೇರೆ. ಆ ಮಾರ್ಗ ನಿಜಾಮರ ರೈಲ್ವೆಯದು, 1874ರಲ್ಲಿ ಶುರುವಾದದ್ದು. ಅದಕ್ಕೇ ಪಿನ್ನಿನ ಹೆಸರಿನಲ್ಲಿ ಬರೀ ಕಿಲೋಮೀಟರ್ ಬರೆಯಬೇಡಿ, ಮಾರ್ಗದ ಹೆಸರನ್ನೂ ಬರೆಯಿರಿ. ಕಾಕಾ ಹೇಳುತ್ತಿದ್ದ ಕಂಬಗಳು ಇನ್ನೊಂದು ರಗಳೆ. ಅವರ ಕಾಲದ ಕಂಬ ಅಂದರೆ ಟೆಲಿಗ್ರಾಫ್ ಕಂಬ. ಕಿಲೋಮೀಟರ್ ಹೊಂದುತ್ತದೆ, ಕಂಬದ ನಂಬರ್ ಹೊಂದುವುದಿಲ್ಲ. ಇದು ಗೊತ್ತಾಗುವ ಹೊತ್ತಿಗೆ ನಾನು ಹನ್ನೊಂದು ಪಿನ್ ತಪ್ಪು ಜಾಗದಲ್ಲಿ ಹಾಕಿ ಆಗಿತ್ತು.

ಇನ್ನು ಅರ್ತ್ ಪ್ರೊದ ಅಡಚಣೆ. ನೀವು ಹಾಕಿದ ಗುರುತೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತವೆ. ಎಡಗಡೆ ಪಟ್ಟಿಯಲ್ಲಿ "ಮೈ ಪ್ಲೇಸಸ್" ಮತ್ತು "ಟೆಂಪರರಿ ಪ್ಲೇಸಸ್" ಅಂತ ಎರಡು ಕಪಾಟು ಇವೆ. ಎರಡನೆಯದರಲ್ಲಿದ್ದದ್ದನ್ನು ಮುಚ್ಚುವಾಗ ಉಳಿಸಿಕೊಳ್ಳದಿದ್ದರೆ ಹೋಯಿತು. ನಾನು ಅದನ್ನೆಲ್ಲ ಸರಿಯಾಗೇ ಉಳಿಸಿದ್ದೆ. ಆದರೆ ಕಂಪ್ಯೂಟರ್ ರಿಪೇರಿಗೆ ಕೊಟ್ಟಾಗ ಅಂಗಡಿಯವರು ಕೇಳದೆ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿದರು. ಆರು ತಿಂಗಳ ಕೆಲಸ. "ಮದುವೆ ಫೋಟೊ ಏನಾದ್ರೂ ಇದ್ವಾ ಸಾರ್?" ಅಂತ ಕೇಳಿದರು. ಹಳೆಯ ಗೇಟುಗಳ ಪಟ್ಟಿ ಇತ್ತು ಅಂತ ಹೇಗೆ ಹೇಳಲಿ? ಆವತ್ತಿನಿಂದ ಪ್ರತಿ ಭಾನುವಾರ ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ "ಸೇವ್ ಪ್ಲೇಸ್ ಆ್ಯಸ್" ಕೊಟ್ಟು, ಫೈಲನ್ನು ನನಗೇ ಮೇಲ್ ಮಾಡಿಕೊಳ್ಳುತ್ತೇನೆ.

ಆ ಫೈಲ್ ಎರಡು ರೂಪದಲ್ಲಿ ಬರುತ್ತದೆ. ಕೆಎಂಎಲ್ ಅಂದರೆ ಬಿಚ್ಚಿದ ಪಠ್ಯ. ಕೆಎಂಝಡ್ ಅಂದರೆ ಅದನ್ನೇ ಚಿತ್ರಗಳ ಸಮೇತ ಝಿಪ್ ಮಾಡಿದ ಗಂಟು. 2008ರಲ್ಲಿ ಕೆಎಂಎಲ್ ಅಂತಾರಾಷ್ಟ್ರೀಯ ಮಾನದಂಡವಾಯಿತು, ಹಾಗಾಗಿ ಮುಂದೆ ಹೇಳುವ ಬಹುತೇಕ ಎಲ್ಲ ಆ್ಯಪ್‌ಗಳೂ ಅದನ್ನು ಓದುತ್ತವೆ. ಕಂಪ್ಯೂಟರ್ ಇರುವವರಿಗೆ ಕಳಿಸಲು ಇದಕ್ಕಿಂತ ಒಳ್ಳೆಯದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಮಾತ್ರ ಉತ್ತರ ಇದೇ: "ತಮ್ಮಾ, ಇದೇನ್ ಕಳಿಸಿದಿ? ತೆರಿಲಕತ್ತಿಲ್ಲ."

ಬ್ರೌಸರಿನ ಗೂಗಲ್ ಅರ್ತ್

ಹೆಸರು ಒಂದೇ, ಸ್ವಭಾವ ಬೇರೆ. 2017ರಲ್ಲಿ ಬ್ರೌಸರಿಗೆ ಬಂತು. ಇಲ್ಲಿ ಹಾಕಿದ ಗುರುತುಗಳು ಪ್ರಾಜೆಕ್ಟ್ ಆಗಿ ಗೂಗಲ್ ಡ್ರೈವ್‌ನಲ್ಲಿ ಕೂರುತ್ತವೆ, ಲಿಂಕ್ ಕಳಿಸಿದರೆ ಆಯಿತು. ಹಾರ್ಡ್ ಡಿಸ್ಕಿನ ಭಯವಿಲ್ಲ. ಹಳೆಯ ಚಿತ್ರ ನೋಡುವ ಸೌಲಭ್ಯ 2024ರಲ್ಲಿ ಇಲ್ಲಿಗೂ, ಫೋನಿಗೂ ಬಂತು. ಒಂದೊಂದು ಜಾಗಕ್ಕೂ ಫೋಟೊ ಹಾಕಿ, ಒಂದರಿಂದ ಇನ್ನೊಂದಕ್ಕೆ ಹಾರುತ್ತಾ ತೋರಿಸಬಹುದು. ಶಾಲೆಯ ಮಕ್ಕಳಿಗೆ ಕಾಗಿಣಾ ಸೇತುವೆ, ವಾಡಿ ಯಾರ್ಡು, ಬೀದರ್ ಸ್ಟೇಷನ್ ಅಂತ ತೋರಿಸಲು ಚೆಂದ. ನೂರಾರು ಪಿನ್ನಿನ ಕೆಲಸಕ್ಕೆ ನನಗೆ ಇದು ನಿಧಾನ ಅನ್ನಿಸಿತು. ಹಳೆಯ ಲ್ಯಾಪ್‌ಟಾಪ್ ಇದ್ದವರಿಗಂತೂ ಫ್ಯಾನ್ ಸದ್ದು ಕೇಳಿಯೇ ಸಾಕಾಗುತ್ತದೆ.

ಗೂಗಲ್ ಮೈ ಮ್ಯಾಪ್ಸ್: ಗುಂಪಿಗೆ

ನಾಲ್ಕು ಜನ ಸೇರಿ ಒಂದು ನಕ್ಷೆ ಮಾಡಬೇಕಾದರೆ ಮೈ ಮ್ಯಾಪ್ಸ್. ಇದಕ್ಕೆ ಪೈಪೋಟಿ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಎಕ್ಸೆಲ್ ಹಾಳೆಯಲ್ಲಿ ಹೆಸರು, ಅಕ್ಷಾಂಶ, ರೇಖಾಂಶ, ಬಗೆ ಅಂತ ನಾಲ್ಕು ಕಾಲಂ ಮಾಡಿ. ಅದನ್ನು ಇಂಪೋರ್ಟ್ ಮಾಡಿದರೆ ಎಲ್ಲ ಪಿನ್ ಒಟ್ಟಿಗೆ ಬಂದು ಕೂರುತ್ತವೆ. "ಬಗೆ" ಕಾಲಂ ಹಿಡಿದು ಬಣ್ಣ ಕೊಡಬಹುದು. ನಮ್ಮಲ್ಲಿ ಸ್ಟೇಷನ್ ನೀಲಿ, ಇರುವ ಗೇಟು ಹಸಿರು, ಮುಚ್ಚಿದ ಗೇಟು ಬೂದು, ಅಂಡರ್‌ಪಾಸ್ ಕೆಂಪು. ಮಳೆಗಾಲದಲ್ಲಿ ನೀರು ನಿಲ್ಲುವ ಅಂಡರ್‌ಪಾಸಿಗೆ ಬೇರೆ ಚಿಹ್ನೆ. ಲಾರಿ ಗೆಳೆಯನಿಗೆ ಬೇಕಾಗಿದ್ದು ಈ ಕೊನೆಯ ಎರಡೇ.

ಮಿತಿಗಳೂ ಇವೆ. ಒಂದು ನಕ್ಷೆಯಲ್ಲಿ 10 ಪದರ, ಒಂದು ಪದರದಲ್ಲಿ 2,000 ಗುರುತು. ಮೂರು ಜಿಲ್ಲೆಯ ರೈಲ್ವೆಗೆ ಇದು ಧಾರಾಳ ಸಾಕು. ಆಂಡ್ರಾಯ್ಡ್‌ನಲ್ಲಿದ್ದ ಇದರ ಆ್ಯಪ್ 2021ರಲ್ಲಿ ನಿಂತುಹೋಯಿತು. ಈಗ ಫೋನಿನ ಗೂಗಲ್ ಮ್ಯಾಪ್ಸ್‌ನೊಳಗೆ ನಕ್ಷೆ ನೋಡಬಹುದು, ತಿದ್ದಬೇಕಾದರೆ ಬ್ರೌಸರಿಗೇ ಹೋಗಬೇಕು. ಹಳೆಯ ಚಿತ್ರ ಇಲ್ಲಿಲ್ಲ, ಹಿನ್ನೆಲೆಯಲ್ಲಿ ಈಗಿನ ಉಪಗ್ರಹ ಚಿತ್ರ ಮಾತ್ರ. ಹಾಗಾಗಿ ನಾನು ಅರ್ತ್ ಪ್ರೊದಲ್ಲಿ ಹುಡುಕಿ, ಮೈ ಮ್ಯಾಪ್ಸ್‌ನಲ್ಲಿ ಹಂಚುತ್ತೇನೆ.

ಹಂಚುವಾಗ "ನೋಡಬಹುದು" ಮತ್ತು "ತಿದ್ದಬಹುದು" ಎರಡರ ನಡುವೆ ಕಣ್ಣಿಟ್ಟು ಆರಿಸಿ. ನಾನು ಅವಸರದಲ್ಲಿ ನಲವತ್ತು ಜನರ ಗುಂಪಿಗೆ ತಿದ್ದುವ ಲಿಂಕನ್ನೇ ಹಾಕಿಬಿಟ್ಟೆ. ಮರುದಿನ ನೋಡಿದರೆ ಶಹಾಬಾದ್ ಸ್ಟೇಷನ್ ಒಂದು ತೊಗರಿ ಹೊಲದಲ್ಲಿ ನಿಂತಿತ್ತು. ಯಾರದೋ ಹೆಬ್ಬೆರಳು ತಾಕಿ ಎಳೆದುಹೋಗಿದೆ ಅಷ್ಟೇ, ಬೇಕಂತ ಮಾಡಿದ್ದಲ್ಲ. ಯಾರು ಅಂತ ಗೊತ್ತಾಗಲಿಲ್ಲ. ಈಗ ತಿದ್ದುವ ಹಕ್ಕು ಇಬ್ಬರಿಗೆ ಮಾತ್ರ.

ಪಿನ್ನಿಗೆ ಹೆಸರಿಡುವುದರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಊರಿನ ಹೆಸರಿಗೆ ಒಂದೇ ಕಾಗುಣಿತ ಇಲ್ಲ. ಗುಲಬರ್ಗಾ 2014ರಲ್ಲಿ ಕಲಬುರಗಿ ಆಯಿತು, ಹಳೆಯ ಫೈಲುಗಳಲ್ಲಿ ಇನ್ನೂ ಹಳೆಯ ಹೆಸರೇ. ನಾವು ಸೇಡಂ ಅನ್ನುವುದು ರೈಲ್ವೆ ಬೋರ್ಡಿನ ಇಂಗ್ಲಿಷಿನಲ್ಲಿ ಸೇರಂ. ಮಳಖೇಡಕ್ಕೆ ಇನ್ನೊಂದು ಸ್ಪೆಲ್ಲಿಂಗ್. ಇದಕ್ಕೆಲ್ಲ ಸುಲಭದ ಮದ್ದು ಅಂದರೆ ಸ್ಟೇಷನ್ ಕೋಡ್. ಕಲಬುರಗಿಗೆ ಕೆಎಲ್‌ಬಿಜಿ, ಬೀದರಿಗೆ ಬಿಐಡಿಆರ್, ಯಾದಗಿರಿಗೆ ಬರೀ ವೈಜಿ. ಮೊದಲು ಕೋಡ್, ಆಮೇಲೆ ಕನ್ನಡದ ಹೆಸರು. ಹುಡುಕಲೂ ಸುಲಭ, ಜೋಡಿಸಲೂ ಸುಲಭ.

ಹೆಸರಿನ ಕೊನೆಯಲ್ಲಿ "ರೋಡ್" ಇದ್ದರೆ ಪಿನ್ನಿನ ವಿವರಣೆಯಲ್ಲಿ ಒಂದು ಸಾಲು ಹೆಚ್ಚು ಬರೆಯಿರಿ. ರೋಡ್ ಅಂದರೆ ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಇಲ್ಲಿದೆ ಅಂತ. ಗಾಣಗಾಪುರ ರೋಡ್ ಸ್ಟೇಷನ್ನಿನಿಂದ ದತ್ತಾತ್ರೇಯ ದೇವಸ್ಥಾನ ಸುಮಾರು 20 ಕಿಲೋಮೀಟರ್. ಹುಬ್ಬಳ್ಳಿಯಿಂದ ಬಂದ ನಮ್ಮ ಬೀಗರು ನಾನು ಕಳಿಸಿದ ಪಿನ್ ನೋಡಿ, ಇಳಿದು ನಡೆದೇ ಹೋಗೋಣ ಅಂತ ಚೀಲ ಹೆಗಲಿಗೆ ಹಾಕಿಕೊಂಡಿದ್ದರು.

ಓಪನ್ ಸ್ಟ್ರೀಟ್ ಮ್ಯಾಪ್: ಎಲ್ಲರಿಗಾಗಿ

ಮೇಲಿನ ಮೂರರಲ್ಲೂ ನಿಮ್ಮ ನಕ್ಷೆ ನಿಮ್ಮ ಲಿಂಕ್ ಸಿಕ್ಕವರಿಗೆ ಮಾತ್ರ. ಓಪನ್ ಸ್ಟ್ರೀಟ್ ಮ್ಯಾಪ್ ಹಾಗಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಇದು ವಿಕಿಪೀಡಿಯದ ಥರ. ನೀವು ಹಾಕಿದ ಗೇಟು ಇಡೀ ಜಗತ್ತಿಗೆ ಕಾಣುತ್ತದೆ. ಓಪನ್ ರೈಲ್ವೆ ಮ್ಯಾಪ್ ಅನ್ನುವ ತಾಣ ಇದೇ ಮಾಹಿತಿಯಿಂದ ಬರೀ ಹಳಿಗಳ ಜಾಲವನ್ನು ಬಣ್ಣ ಬಣ್ಣದಲ್ಲಿ ತೋರಿಸುತ್ತದೆ. ಖಾನಾಪುರ ಜಂಕ್ಷನ್‌ನಲ್ಲಿ ಪರಳಿ ಮಾರ್ಗದಿಂದ ಕಲಬುರಗಿ ಮಾರ್ಗ ಕವಲೊಡೆಯುವುದನ್ನು ಅದರಲ್ಲಿ ನೋಡಬೇಕು, ಉಪಗ್ರಹ ಚಿತ್ರಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ನನಗೆ ಇದರಲ್ಲಿ ಇಷ್ಟವಾದದ್ದು ಕನ್ನಡ. ಪ್ರತಿ ಜಾಗಕ್ಕೂ ಕನ್ನಡದ ಹೆಸರನ್ನು ಬೇರೆಯಾಗಿ ತುಂಬುವ ಜಾಗ ಇದೆ. ನಮ್ಮ ಭಾಗದ ಸಣ್ಣ ಸ್ಟೇಷನ್ನುಗಳಲ್ಲಿ ಅದು ಖಾಲಿ ಕಂಡರೆ ಸಂಜೆ ಕೂತು ಒಂದೊಂದನ್ನೇ ತುಂಬಿ. ಅರ್ಧ ಗಂಟೆಯ ಕೆಲಸ, ಕನ್ನಡದಲ್ಲಿ ಹುಡುಕುವವರಿಗೆ ಸಿಗುತ್ತದೆ.

ಗೇಟು ಹಾಕುವಾಗ ರಸ್ತೆಯ ಗೆರೆ ಮತ್ತು ಹಳಿಯ ಗೆರೆ ಒಂದೇ ಚುಕ್ಕೆಯಲ್ಲಿ ಸೇರಬೇಕು, ಆ ಚುಕ್ಕೆಗೆ ಲೆವೆಲ್ ಕ್ರಾಸಿಂಗ್ ಅನ್ನುವ ಗುರುತು ಕೊಡಬೇಕು. ಅಂಡರ್‌ಪಾಸ್ ಆದರೆ ಸೇರಬಾರದು. ರಸ್ತೆ ಕೆಳಗೆ, ಹಳಿ ಮೇಲೆ ಅಂತ ಪದರ ಹೇಳಬೇಕು. ಇದನ್ನು ತಪ್ಪಿದರೆ ದಾರಿ ತೋರಿಸುವ ಆ್ಯಪ್‌ಗಳು ಮುಚ್ಚಿದ ಗೇಟಿನ ಮೇಲೆ ಗಾಡಿ ಕಳಿಸುತ್ತವೆ.

ಮಾಡಲೇಬಾರದ ಒಂದು ಕೆಲಸ ಇದೆ. ಗೂಗಲ್ ಅರ್ತ್‌ನಲ್ಲಿ ನೋಡಿ ಇಲ್ಲಿಗೆ ನಕಲು ಮಾಡುವುದು. ಲೈಸೆನ್ಸ್ ಒಪ್ಪುವುದಿಲ್ಲ. ಓಪನ್ ಸ್ಟ್ರೀಟ್ ಮ್ಯಾಪ್‌ನ ಎಡಿಟರಿನಲ್ಲೇ ಬಿಂಗ್‌ನಂಥ ಅನುಮತಿ ಇರುವ ಉಪಗ್ರಹ ಚಿತ್ರ ಇದೆ. ಅದರ ಮೇಲೆ ಬರೆಯಿರಿ, ಇಲ್ಲವೇ ಸ್ವತಃ ಕಂಡದ್ದನ್ನು ಹಾಕಿ. ಕಾಕಾನ ಬಾವಿ, ಬೇವಿನ ಗಿಡ ಇಲ್ಲಿಗೆ ಬೇಡ. ಈಗ ನೆಲದ ಮೇಲೆ ಇಲ್ಲದ್ದನ್ನು ಇಲ್ಲಿ ಯಾರೂ ಒಪ್ಪುವುದಿಲ್ಲ, ಇನ್ನೊಬ್ಬರು ಬಂದು ಅಳಿಸುತ್ತಾರೆ. ಅದು ಸರಿಯೂ ಹೌದು.

ನೆಟ್‌ವರ್ಕ್ ಇಲ್ಲದ ಕಡೆ

ಕಾಕಾನ ಮಗಳು ಒಮ್ಮೆ ಮರಗುತ್ತಿ ಸುರಂಗಕ್ಕೆ ಹೊರಟಳು. ಬೀದರ್-ಕಲಬುರಗಿ ಮಾರ್ಗದಲ್ಲಿ ಒಂದೂವರೆ ಕಿಲೋಮೀಟರಿಗೂ ಜಾಸ್ತಿ ಉದ್ದದ ಸುರಂಗ ಅದು. ಉಪಗ್ರಹ ಚಿತ್ರದಲ್ಲಿ ಸುರಂಗ ಕಾಣುವುದಿಲ್ಲವಲ್ಲ. ಹಳಿ ಒಂದು ಕಡೆ ಗುಡ್ಡದೊಳಗೆ ನುಂಗಿಹೋಗುತ್ತದೆ, ಇನ್ನೊಂದು ಕಡೆ ಬಾಯಿಂದ ಹೊರಗೆ ಬರುತ್ತದೆ. ನಾನು ಜಾಣತನ ಮಾಡಿ ನಡುವೆ ಒಂದು ಪಿನ್ ಹಾಕಿದ್ದೆ. ಅವಳು ಗುಡ್ಡದ ನೆತ್ತಿಯ ಮೇಲೆ ಹೋಗಿ ನಿಂತು ಫೋನ್ ಮಾಡಿದಳು. "ಅಣ್ಣಾ, ಇಲ್ಲಿ ಕಲ್ಲು ಬಿಟ್ರ ಏನೂ ಇಲ್ಲ." ಸುರಂಗಕ್ಕೆ ಎರಡು ಪಿನ್ ಬೇಕು, ಎರಡು ಬಾಯಿಗೆ ಎರಡು. ಫೋಟೊ ತೆಗೆಯಲು ನಿಲ್ಲುವ ರಸ್ತೆ ಬದಿಯ ಜಾಗಕ್ಕೆ ಮೂರನೆಯದು.

ಈ ಥರದ ತಿರುಗಾಟಕ್ಕೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್ಎಂಆಂಡ್ ಒಳ್ಳೆಯದು. ಎರಡೂ ಓಪನ್ ಸ್ಟ್ರೀಟ್ ಮ್ಯಾಪ್‌ನ ಮಾಹಿತಿ ಬಳಸುತ್ತವೆ. ಮನೆಯಲ್ಲೇ ನಕ್ಷೆ ಇಳಿಸಿಕೊಂಡರೆ ನೆಟ್ ಇಲ್ಲದೆ ನಡೆಯುತ್ತವೆ. ನಿಮ್ಮ ಕೆಎಂಎಲ್ ಫೈಲನ್ನು ಅವಕ್ಕೆ ಕೊಟ್ಟರೆ ಪಿನ್ನುಗಳೂ ಬರುತ್ತವೆ. ಆರ್ಗ್ಯಾನಿಕ್ ಮ್ಯಾಪ್ಸ್ ಹಗುರ, ಕಲಿಯಲು ಹತ್ತು ನಿಮಿಷ. ಓಎಸ್ಎಂಆಂಡ್‌ನಲ್ಲಿ ಗುಂಡಿ ಜಾಸ್ತಿ, ನಡೆದ ದಾರಿಯನ್ನು ಜಿಪಿಎಕ್ಸ್ ಅನ್ನುವ ಫೈಲ್ ಆಗಿ ದಾಖಲಿಸುವವರಿಗೆ ಅದೇ ಸರಿ. ನಮ್ಮ ಭಾಗದವರಿಗೆ ಒಂದು ಕಿವಿಮಾತು: ಬರೀ ಕರ್ನಾಟಕ ಇಳಿಸಿಕೊಂಡು ಹೊರಡಬೇಡಿ. ಸೇಡಂ ದಾಟಿ ತಾಂಡೂರಿಗೆ ಹೋದರೆ ತೆಲಂಗಾಣ, ದುಧನಿ ಕಡೆ ಹೋದರೆ ಮಹಾರಾಷ್ಟ್ರ, ಭಾಲ್ಕಿ ದಾಟಿ ಉದಗೀರಿಗೆ ಹೋದರೂ ಮಹಾರಾಷ್ಟ್ರ. ಮೂರೂ ಇರಲಿ.

ಉಪಗ್ರಹ ಚಿತ್ರ ಮಾತ್ರ ಆಫ್‌ಲೈನಿನಲ್ಲಿ ನಿರೀಕ್ಷಿಸಬೇಡಿ. ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ಅದು ಇಲ್ಲವೇ ಇಲ್ಲ, ಗೆರೆಯ ನಕ್ಷೆ ಅಷ್ಟೇ.

ಭುವನ್, ಕ್ಯೂಜಿಐಎಸ್

ಇಸ್ರೋದ ಭುವನ್ 2009ರಿಂದ ಇದೆ. ನಮ್ಮದೇ ಉಪಗ್ರಹಗಳ ಚಿತ್ರ, ಭೂಬಳಕೆ, ಕೆರೆ, ನೀರಿನ ಪದರಗಳು ನೋಡಲು ಚೆನ್ನಾಗಿವೆ. ಹಳಿಯ ಪಕ್ಕದ ಸಣ್ಣ ಗುರುತು ಹಾಕಿ ಮನೆಮಂದಿಗೆ ಹಂಚಲು ನಾನು ಅದನ್ನು ಬಳಸುವುದಿಲ್ಲ. ಕ್ಯೂಜಿಐಎಸ್ ಅನ್ನುವ ನಕ್ಷೆ ತಯಾರಿಸುವ ತಂತ್ರಾಂಶ ಪುಕ್ಕಟೆ, ದೊಡ್ಡ ಯಂತ್ರ. ಮುದ್ರಿಸುವಂಥ ನಕ್ಷೆ ಮಾಡಬೇಕು, ಸಾವಿರಾರು ಸಾಲಿನ ಪಟ್ಟಿ ಶುದ್ಧ ಮಾಡಬೇಕು ಅನ್ನುವವರು ಕಲಿಯಲಿ. ಇಪ್ಪತ್ತು ಗೇಟಿಗೆ ಅದನ್ನು ಹಾಕಿಕೊಳ್ಳುವುದು ಇರುವೆ ಹೊಡೆಯಲು ಒನಕೆ ಹಿಡಿದ ಹಾಗೆ.

ಒಂದೇ ಜಾಗ ಕಳಿಸಬೇಕಾದಾಗ

ಲಾರಿ ಗೆಳೆಯನಿಗೆ ನಕ್ಷೆಯ ಲಿಂಕ್ ಕಳಿಸಿ ಸೋತೆ. ಗಾಡಿ ಓಡಿಸುತ್ತಾ ಪದರ ತೆರೆದು ಬಣ್ಣ ನೋಡುವವರು ಯಾರು? ಅವನಿಗೆ ಬೇಕಾಗಿದ್ದು ವಾಟ್ಸ್ಆ್ಯಪ್‌ನಲ್ಲಿ ಒಂದು ಪಿನ್, ಕೆಳಗೆ ಒಂದು ಸಾಲು: "ಇಲ್ಲಿ ಎತ್ತರ ಕಮ್ಮಿ, ಲೋಡ್ ಇದ್ದರೆ ಬೇಡ." ಒತ್ತಿದರೆ ದಾರಿ ತೆರೆದುಕೊಳ್ಳಬೇಕು. ಒಂದು ಜಾಗಕ್ಕೆ ಇದಕ್ಕಿಂತ ಒಳ್ಳೆಯ ಸಾಫ್ಟ್‌ವೇರ್ ಇಲ್ಲ. ತೊಂದರೆ ಅಂದರೆ ಮೂರು ದಿನದಲ್ಲಿ ಆ ಪಿನ್ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತದೆ.

ಫೋನಿನಲ್ಲಿ ಬಾಯಿಂದ ಹೇಳಬೇಕಾದರೆ ಪ್ಲಸ್ ಕೋಡ್. ಗೂಗಲ್ ಮ್ಯಾಪ್ಸ್‌ನಲ್ಲಿ ಯಾವ ಜಾಗ ಒತ್ತಿ ಹಿಡಿದರೂ ಅಕ್ಷರ, ಅಂಕಿ, ನಡುವೆ ಒಂದು ಪ್ಲಸ್ ಇರುವ ಕೋಡ್ ಬರುತ್ತದೆ. ಅದರ ಜೊತೆ ಊರಿನ ಹೆಸರು ಸೇರಿಸಿದರೆ ಸುಮಾರು 14 ಮೀಟರ್ ಉದ್ದಗಲದ ಚೌಕ ಸಿಗುತ್ತದೆ. ಮನೆ ನಂಬರ್, ರಸ್ತೆ ಹೆಸರು ಏನೂ ಇಲ್ಲದ ಹಳಿಯ ಪಕ್ಕಕ್ಕೆ ಇದು ಸರಿಹೊಂದುತ್ತದೆ. ಆದರೆ ಹಳಿಯ ಮೇಲೆ ಏನಾದರೂ ಬಿದ್ದಿದೆ, ಅಪಾಯ ಇದೆ ಅಂತ ರೈಲ್ವೆಗೆ ತಿಳಿಸಲು 139ಕ್ಕೆ ಫೋನ್ ಮಾಡುವಾಗ ಪ್ಲಸ್ ಕೋಡ್ ಹೇಳಬೇಡಿ. ಗೇಟ್ ನಂಬರ್ ಅಥವಾ ಕಂಬದ ಮೇಲಿನ ಎರಡು ಸಂಖ್ಯೆ, ಯಾವ ಎರಡು ಸ್ಟೇಷನ್ ನಡುವೆ ಅನ್ನುವುದನ್ನು ಹೇಳಿ. ಅವರ ಭಾಷೆ ಅದೇ.

ಕಂಬ ಓದಲು ಹಳಿಗೆ ಇಳಿಯಬೇಡಿ ಮತ್ತೆ. ರೈಲ್ವೆ ಕಾಯ್ದೆ 1989ರ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗೇಟಿನ ಹತ್ತಿರ ರಸ್ತೆಯಿಂದಲೇ ಓದಬಹುದು.

ಕಾಕಾನಿಗೆ ಕೊನೆಗೆ ಒಪ್ಪಿದ್ದು

ಇಷ್ಟೆಲ್ಲ ಆದ ಮೇಲೂ ಕಾಕಾನಿಗೆ ಯಾವುದೂ ಆಗಲಿಲ್ಲ. ಫೋನಿನ ಪರದೆಯಲ್ಲಿ ಎರಡು ಬೆರಳು ಇಟ್ಟರೆ ನಕ್ಷೆ ತಿರುಗಿ, ವಾಡಿ ತಲೆಕೆಳಗಾಗುತ್ತಿತ್ತು. "ಇದರಾಗ ಸೋಲಾಪುರ ಯಾವ ಕಡೆ?" ಅಂತ ಕೇಳುವುದು, ಕನ್ನಡಕ ತೆಗೆದಿಡುವುದು.

ಅರ್ತ್ ಪ್ರೊದಲ್ಲಿ ಚಿತ್ರವನ್ನು ದೊಡ್ಡ ಅಳತೆಯಲ್ಲಿ ಸೇವ್ ಮಾಡುವ ಸೌಲಭ್ಯ ಇದೆ. ಕಲಬುರಗಿಯಿಂದ ವಾಡಿವರೆಗಿನ ಹಳಿಯನ್ನು ತುಂಡು ತುಂಡಾಗಿ ಸೇವ್ ಮಾಡಿ, ಝೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಯ ಮೇಲೆ ಕಲರ್ ಪ್ರಿಂಟ್ ತೆಗೆಸಿದೆ. ಪ್ರತಿ ಹಾಳೆಯಲ್ಲೂ ಮುಂಬೈ ಎಡಕ್ಕೆ ಬರುವ ಹಾಗೆ ತಿರುಗಿಸಿಟ್ಟೆ. ಹಾಳೆಗಳನ್ನು ಚಾಪೆಯ ಮೇಲೆ ಉದ್ದಕ್ಕೆ ಜೋಡಿಸಿದಾಗ ಕಾಕಾ ಕುರ್ಚಿಯಿಂದ ಇಳಿದು ಕೂತರು. ಬಾಲ್ ಪೆನ್ ತೆಗೆದುಕೊಂಡು ಮಾತಾಡದೆ ಗುರುತು ಹಾಕುತ್ತಾ ಹೋದರು. ಕಾಗಿಣಾ ಸೇತುವೆಯ ಹತ್ತಿರ ಮಾತ್ರ ಪೆನ್ ನಿಂತಿತು. ಅಲ್ಲಿ ಎರಡು ಗೀಟು ಹಾಕಿ ಪಕ್ಕದಲ್ಲಿ "ನೀರು" ಅಂತ ಬರೆದರು. ಬಾವಿಯೋ, ಹೊಳೆ ಏರಿದ ಗುರುತೋ, ನಾನು ಆಮೇಲೆ ಕೇಳೋಣ ಅಂತ ಬಿಟ್ಟೆ.

ಒಂದೂವರೆ ಗಂಟೆಯಲ್ಲಿ ಮೂವತ್ತೆರಡು ಗುರುತು. ನನ್ನ ಎರಡು ವರ್ಷದ ಪಟ್ಟಿಯಲ್ಲಿ ಅವುಗಳಲ್ಲಿ ಹದಿನೆಂಟು ಇರಲೇ ಇಲ್ಲ. ಈಗ ಆ ಹಾಳೆ ಮುಂದಿಟ್ಟುಕೊಂಡು ಒಂದೊಂದನ್ನೇ ಪರದೆಯ ಮೇಲೆ ಹಾಕುತ್ತಿದ್ದೇನೆ. ಹಿರೇನಂದೂರ ದಾಟಿದ ಮೇಲೆ ಎಡಕ್ಕೆ ಗಿಡ ಇಲ್ಲ. ಚಿತ್ರಗಳ ಪಟ್ಟಿಯನ್ನು ಹಿಂದಕ್ಕೆ ಎಳೆಯುತ್ತಾ ಹೋದೆ. ತೀರಾ ಹಳೆಯದೊಂದು ಚಿತ್ರದಲ್ಲಿ, ಹಳಿಯಿಂದ ಸ್ವಲ್ಪ ಆಚೆ, ಒಂದು ಕಪ್ಪು ಚುಕ್ಕೆ ಮತ್ತು ಅದರ ನೆರಳು ಇದೆ. ಅದು ಬೇವೋ ಜಾಲಿಯೋ ಉಪಗ್ರಹಕ್ಕೆ ಗೊತ್ತಿಲ್ಲ. ಪಿನ್ ಹಾಕಿ, ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದೇನೆ. ಭಾನುವಾರ ಆ ಚಿತ್ರವನ್ನೂ ಪ್ರಿಂಟ್ ತೆಗೆಸಬೇಕು.